ಚಾಂಗ್ ಲಾ ಆಚೆ ಟೆಲಿಫೋನ್ ಲೈನ್ ಎಳೆದ ದಿನಗಳು

ಪೂರ್ವ ಲಡಾಖಿನಲ್ಲಿ ಸೇನೆಗಾಗಿ ಕಂಬ ನೆಟ್ಟು, ತಾಮ್ರದ ತಂತಿ ಎಳೆದು, ದೂರದ ಠಾಣೆಗಳ ನಡುವೆ ಮಾತು ಹೋಗುವಂತೆ ಮಾಡಿದ ಒಂದು ಲೈನ್ ಪಾರ್ಟಿಯಲ್ಲಿ ನಾನು ಲೈನ್‌ಮನ್ ಆಗಿದ್ದೆ. ಎಂಬತ್ತರ ದಶಕದ ಸಂಗತಿ ಇದು. ಲೈನ್ ಯಾವ ಠಾಣೆಯಿಂದ ಯಾವ ಠಾಣೆಗೆ ಹೋಗುತ್ತಿತ್ತು ಎಂಬುದನ್ನು ಇಲ್ಲಿ ಬರೆಯುವುದು ಸರಿಯಲ್ಲ, ಅದರ ಅಗತ್ಯವೂ ಇಲ್ಲ. ಲೇಹ್‌ನಿಂದ ಕಾರು, ಶಕ್ತಿ ಗ್ರಾಮಗಳ ಮಾರ್ಗವಾಗಿ ಚಾಂಗ್ ಲಾ ಕಣಿವೆ ದಾರಿಯನ್ನು ಹತ್ತಿ ಇಳಿದ ಮೇಲೆ, ತಾಂಕ್ಸೆಯಿಂದ ಚುಶೂಲ್ ಕಡೆಗೆ ಹರಡಿಕೊಂಡಿರುವ ಮರವಿಲ್ಲದ ಬಯಲುಗಳಲ್ಲಿ ನಮ್ಮ ಕ್ಯಾಂಪು ಇತ್ತೆಂದರೆ ಸಾಕು. ಅಲ್ಲಿನ ಕೆಲಸದ ಬಗ್ಗೆ ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಒಂದೇ: ಆ ಕ್ಯಾಂಪಿನಲ್ಲಿ ನಮಗೆ ವೇಳಾಪಟ್ಟಿ ಹಾಕಿಕೊಟ್ಟದ್ದು ಗಡಿಯಾರವೂ ಅಲ್ಲ, ಮೇಲಿನಿಂದ ಬಂದ ಆದೇಶವೂ ಅಲ್ಲ, ಉಷ್ಣಮಾಪಕ. ಗುಂಡಿ ಯಾವಾಗ ತೋಡಬೇಕು, ತಂತಿಯನ್ನು ಎಷ್ಟು ಬಿಗಿಯಬೇಕು, ಬೇಳೆ ಯಾವಾಗ ಒಲೆಗೇರಬೇಕು, ಟೆಲಿಫೋನಿನ ಸೆಲ್ಲುಗಳನ್ನು ರಾತ್ರಿ ಎಲ್ಲಿಡಬೇಕು ಎಂಬುದೆಲ್ಲವೂ ಅದರ ಪಾದರಸವನ್ನು ನೋಡಿಯೇ ತೀರ್ಮಾನವಾಗುತ್ತಿತ್ತು.

ಸೇನೆ ಇರುವಲ್ಲಿ ವೈರ್‌ಲೆಸ್ ಇದ್ದೇ ಇರುತ್ತದಲ್ಲ, ತಂತಿ ಏಕೆ ಬೇಕಿತ್ತು ಎಂದು ರಜೆಯಲ್ಲಿ ಬಂದಾಗ ಹಲವರು ನನ್ನನ್ನು ಕೇಳಿದ್ದುಂಟು. ವೈರ್‌ಲೆಸ್ ಇತ್ತು. ಆದರೆ ಗಾಳಿಯಲ್ಲಿ ಹೋದ ಮಾತನ್ನು ಗಡಿಯಾಚೆಯವರೂ ಕೇಳಬಲ್ಲರು. ಹೈ ಫ್ರೀಕ್ವೆನ್ಸಿಯ ಸಂಪರ್ಕವು ಹಗಲು ಒಂದು ರೀತಿ, ರಾತ್ರಿ ಒಂದು ರೀತಿ ನಡೆದುಕೊಳ್ಳುತ್ತದೆ. ಬ್ಯಾಟರಿಗಳನ್ನು ಚಾರ್ಜ್ ಮಾಡಲು ಜನರೇಟರಿಗೆ ಪೆಟ್ರೋಲು ಬೇಕು, ಆ ಪೆಟ್ರೋಲು ಚಾಂಗ್ ಲಾ ಹತ್ತಿಯೇ ಬರಬೇಕು. ತಂತಿಯ ಟೆಲಿಫೋನಿಗೆ 1.5 ವೋಲ್ಟಿನ ಎರಡು ಸೆಲ್ಲುಗಳಿದ್ದರೆ ಸಾಕು, ಗಂಟೆ ಬಾರಿಸುವ ವಿದ್ಯುತ್ತು ಕೈಯಿಂದ ತಿರುಗಿಸುವ ಹ್ಯಾಂಡಲಿನಿಂದಲೇ ಹುಟ್ಟುತ್ತದೆ. ನಮಗಿಂತ ಮೊದಲು ಅಲ್ಲಿ ನೆಲದ ಮೇಲೆ ಹಾಸಿದ ಫೀಲ್ಡ್ ಕೇಬಲ್ ಇತ್ತು. ಯಾಕ್‌ಗಳು ತುಳಿದು, ಬಂಡೆ ಉರುಳಿ, ಹಿಮದಡಿ ಹೂತು, ವಾಹನದ ಚಕ್ರಕ್ಕೆ ಸಿಕ್ಕಿ ಅದು ವಾರಕ್ಕೊಮ್ಮೆಯಾದರೂ ತುಂಡಾಗುತ್ತಿತ್ತು. ತುಂಡಾದ ಜಾಗವನ್ನು ಹುಡುಕಲು ರಾತ್ರಿ ಹೊರಟ ಇಬ್ಬರು ಲೈನ್‌ಮನ್‌ಗಳು ಕೇಬಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕತ್ತಲೆಯಲ್ಲಿ ಮೈಲಿಗಟ್ಟಲೆ ನಡೆಯಬೇಕಾಗುತ್ತಿತ್ತು. ಆದ್ದರಿಂದ ಕಂಬಗಳ ಮೇಲೆ ಪರ್ಮನೆಂಟ್ ಲೈನ್, ನಮ್ಮ ಬಾಯಲ್ಲಿ ಪಿ.ಎಲ್., ಎಳೆಯಬೇಕೆಂದು ನಿರ್ಧಾರವಾಗಿತ್ತು.

ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ನಮ್ಮ ಸಿಗ್ನಲ್ಸ್ ಕೋರ್ 1911ರ ಫೆಬ್ರವರಿ 15ರಂದು ಹುಟ್ಟಿದ್ದು. ಅದರ ಧ್ಯೇಯವಾಕ್ಯ ‘ತೀವ್ರ ಚೌಕಸ್’, ಅಂದರೆ ಚುರುಕು ಮತ್ತು ಎಚ್ಚರ. ನಾವೆಲ್ಲ ತರಬೇತಿ ಪಡೆದದ್ದು ಜಬಲ್ಪುರದಲ್ಲಿ. ಕಂಬ ಹತ್ತುವುದು, ಬೆಲ್ಟಿನ ಮೇಲೆ ಭಾರ ಬಿಟ್ಟು ಎರಡೂ ಕೈಗಳಿಂದ ಕೆಲಸ ಮಾಡುವುದು, ತಂತಿ ಬೆಸೆಯುವುದು, ದೋಷ ಹುಡುಕುವುದು ಎಲ್ಲವನ್ನೂ ಅಲ್ಲಿನ ಉಸ್ತಾದರು ಚೆನ್ನಾಗಿಯೇ ಕಲಿಸಿದ್ದರು. ಆದರೆ ಅದೆಲ್ಲ ಸಮುದ್ರಮಟ್ಟದಿಂದ 400 ಮೀಟರ್ ಎತ್ತರದ ವಿದ್ಯೆ. 4,300 ಮೀಟರಿನಲ್ಲಿ ಅದೇ ಕಂಬವನ್ನು ಅದೇ ಮನುಷ್ಯ ಹತ್ತಿದರೆ ತುದಿ ಮುಟ್ಟುವಷ್ಟರಲ್ಲಿ ಕಣ್ಣು ಕತ್ತಲೆ ಬಂದು, ಉಸಿರು ಮರಳುವವರೆಗೆ ಕಂಬವನ್ನು ತಬ್ಬಿಕೊಂಡೇ ಇರಬೇಕಾಗುತ್ತದೆ.

ಎತ್ತರಕ್ಕೆ ಹೊಂದಿಕೊಳ್ಳುವ ವಿಷಯದಲ್ಲಿ ಸೇನೆಯ ನಿಯಮ ಬಿಗಿಯಾದದ್ದು, ಮತ್ತು ಬಿಗಿಯಾಗಿಯೇ ಇರಬೇಕಾದದ್ದು. 9,000ದಿಂದ 12,000 ಅಡಿಯ ಮೊದಲ ಹಂತದಲ್ಲಿ 6 ದಿನ, 15,000 ಅಡಿಯವರೆಗಿನ ಎರಡನೆಯ ಹಂತದಲ್ಲಿ 4 ದಿನ, ಅದಕ್ಕೂ ಮೇಲೆ ಹೋಗುವವರಿಗೆ ಮತ್ತೆ 4 ದಿನ. ಮೊದಲೆರಡು ದಿನ ಏನೂ ಮಾಡದೆ ಸುಮ್ಮನಿರುವುದು, ಆಮೇಲೆ ಸ್ವಲ್ಪ ಸ್ವಲ್ಪವೇ ನಡಿಗೆ, ಅನಂತರ ಏರು ಹತ್ತುವುದು. ಇಪ್ಪತ್ತೆರಡು ವರ್ಷದ ಗಟ್ಟಿಮುಟ್ಟಾದ ಹುಡುಗರಿಗೆ ಲೇಹ್‌ನಲ್ಲಿ ಸುಮ್ಮನೆ ಕೂರುವುದು ಶಿಕ್ಷೆಯೆನಿಸುತ್ತದೆ. ಓಡಲಿಕ್ಕೂ ಬಿಡುವುದಿಲ್ಲ, ಮಲಗಿದರೆ ನಿದ್ರೆಯೂ ಬರುವುದಿಲ್ಲ, ಊಟ ರುಚಿಸುವುದಿಲ್ಲ. ಈ ನಿಯಮದ ಬೆಲೆ ನಮಗೆ ಕಣ್ಣಾರೆ ತಿಳಿದದ್ದು ಕ್ಯಾಂಪಿಗೆ ಬಂದ ಮೇಲೆ. ಎಲ್ಲ ಹಂತಗಳನ್ನೂ ಮುಗಿಸಿಯೇ ಬಂದಿದ್ದ ಒಬ್ಬ ಹುಡುಗ ಸಂಜೆ ಒಣಕೆಮ್ಮು ಎಂದು ಹೇಳಿ ಮಲಗಿದ. ಮಧ್ಯರಾತ್ರಿಯ ಹೊತ್ತಿಗೆ ಅವನ ಎದೆಯಲ್ಲಿ ಗೊರಗೊರ ಸದ್ದು ಕೇಳತೊಡಗಿತು, ತುಟಿಗಳು ನೀಲಿಗಟ್ಟಿದವು. ಶ್ವಾಸಕೋಶದಲ್ಲಿ ನೀರು ತುಂಬುವ ಈ ಕಾಯಿಲೆಯನ್ನು ಸೇನೆಯಲ್ಲಿ ಹ್ಯಾಪೋ ಎನ್ನುತ್ತಾರೆ. ನರ್ಸಿಂಗ್ ಅಸಿಸ್ಟೆಂಟ್ ಆಮ್ಲಜನಕದ ಸಿಲಿಂಡರ್ ಹಚ್ಚಿದ. ಆದರೆ ನಿಜವಾದ ಮದ್ದು ಕೆಳಗಿಳಿಸುವುದೊಂದೇ. ನಮ್ಮ ಪಾಲಿಗೆ ಕೆಳಗಿಳಿಯುವುದೆಂದರೆ ಮೊದಲು 17,500 ಅಡಿ ಮೀರಿದ ಚಾಂಗ್ ಲಾ ಹತ್ತಬೇಕು! ಬೆಳಗಾಗುವುದನ್ನೂ ಕಾಯದೆ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಇಟ್ಟುಕೊಂಡೇ ಅವನನ್ನು ಗಾಡಿಯಲ್ಲಿ ಸಾಗಿಸಿದರು. ಹುಡುಗ ಉಳಿದುಕೊಂಡ, ಆದರೆ ಮತ್ತೆ ಮೇಲಕ್ಕೆ ಬರಲಿಲ್ಲ. ಅಂದಿನಿಂದ ಕ್ಯಾಂಪಿನಲ್ಲಿ ಯಾರು ಕೆಮ್ಮಿದರೂ ಪಕ್ಕದವನು ಎದ್ದು ಕೂತು ಅವನ ಉಸಿರನ್ನು ಆಲಿಸುವುದು ರೂಢಿಯಾಯಿತು.

ಕಂಬ, ತಂತಿಯ ಸುರುಳಿ, ಬ್ರಾಕೆಟ್ಟು, ಪಿಂಗಾಣಿಯ ಇನ್ಸುಲೇಟರುಗಳೆಲ್ಲವೂ ಶ್ರೀನಗರದಿಂದ ಜೋಜಿ ಲಾ ದಾಟಿ ಕಾನ್ವಾಯಿನಲ್ಲಿ ಬಂದವು. ಆಗ ಆ ದಾರಿ ತೆರೆದಿರುತ್ತಿದ್ದುದು ಬೇಸಿಗೆಯಿಂದ ನವೆಂಬರಿನ ಸುಮಾರಿನವರೆಗೆ ಮಾತ್ರ. ಅಷ್ಟರಲ್ಲಿ ಇಡೀ ಲಡಾಖಿನ ಚಳಿಗಾಲದ ಹಿಟ್ಟು, ಸೀಮೆಎಣ್ಣೆ, ಮದ್ದುಗುಂಡುಗಳೂ ಬರಬೇಕಿತ್ತು. ಹಿಟ್ಟಿನ ಮುಂದೆ ಟೆಲಿಫೋನ್ ಕಂಬಕ್ಕೆ ಯಾರು ಮೊದಲ ಸ್ಥಾನ ಕೊಡುತ್ತಾರೆ? ನಮ್ಮ ಕಂಬಗಳು ಕಂತುಕಂತಾಗಿ ಬಂದವು. ಉಕ್ಕಿನ ಕೊಳವೆ ಕಂಬಗಳಾದ್ದರಿಂದ ಭಾಗಗಳಾಗಿ ಬಿಡಿಸಿ ಒಂದರೊಳಗೊಂದು ಜೋಡಿಸಬಹುದಾಗಿತ್ತು, ಅದೇ ಪುಣ್ಯ; ಇಡೀ ಮರದ ಕಂಬಗಳಾಗಿದ್ದರೆ ಆ ತಿರುವುಗಳಲ್ಲಿ ಶಕ್ತಿಮಾನ್ ಲಾರಿ ಹೊರಳುತ್ತಲೇ ಇರಲಿಲ್ಲ. ಲಾರಿ ಹೋಗದ ಕಡೆಗೆ ಹೇಸರಗತ್ತೆ, ಹೇಸರಗತ್ತೆಯೂ ಹೋಗದ ಕಡೆಗೆ ಹೆಗಲು.

ಕ್ಯಾಂಪಿನ ಜಾಗವನ್ನು ಆರಿಸಿದವರು ನಮ್ಮ ಸುಬೇದಾರ್ ಸಾಹೇಬರು. ಗಢವಾಲಿನವರು, ಮಿತಭಾಷಿ. ನೀರು ಹತ್ತಿರವಿರಬೇಕು, ಆದರೆ ತೊರೆಯ ಮಟ್ಟಕ್ಕಿಂತ ಮೇಲಿರಬೇಕು. ಮೇಲಿನ ಇಳಿಜಾರಿನಲ್ಲಿ ಸಡಿಲ ಬಂಡೆಗಳಿರಬಾರದು. ಮಧ್ಯಾಹ್ನದ ಮೇಲೆ ಏಳುವ ಗಾಳಿಗೆ ಏನಾದರೂ ಅಡ್ಡವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬೆಳಗಿನ ಬಿಸಿಲು ಬೇಗ ತಲುಪಬೇಕು. ಎದುರಿನ ಬೆಟ್ಟದ ನೆರಳು ಒಂದು ಗಂಟೆ ಹೆಚ್ಚು ಬಿದ್ದರೆ ಕೆಲಸ ಒಂದು ಗಂಟೆ ತಡವಾಗುತ್ತದೆಂಬುದು ಅವರ ಲೆಕ್ಕ. ಎರಡು ಅಡಿ ಅಗೆದು ಗುಂಡಿಯೊಳಗೆ ಡೇರೆಗಳನ್ನು ಇಳಿಸಿ, ಸುತ್ತ ಕಲ್ಲಿನ ಗೋಡೆ ಕಟ್ಟಿದೆವು. ಪ್ರತಿ ಡೇರೆಗೂ ಸೀಮೆಎಣ್ಣೆಯ ಬುಖಾರಿ, ಅಂದರೆ ಡೇರೆಯನ್ನು ಬೆಚ್ಚಗಿಡುವ ಒಲೆ, ಒಂದಿತ್ತು. ಮಲಗುವ ಮೊದಲು ಅದನ್ನು ಆರಿಸಲೇಬೇಕು. ಹೊಗೆಕೊಳವೆ ಕಟ್ಟಿಕೊಂಡರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಮಲಗಿದಂತೆಯೇ ಮುಗಿಸಿಬಿಡುತ್ತದೆ. ಆರಿಸಿದ ಅರ್ಧ ಗಂಟೆಗೆ ಡೇರೆಯ ಒಳಗೂ ಹೊರಗೂ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಉಸಿರಿನ ತೇವವು ಡೇರೆಯ ಬಟ್ಟೆಯ ಒಳಮೈಗೆ ಹೆಪ್ಪುಗಟ್ಟಿ, ಬೆಳಿಗ್ಗೆ ಯಾರಾದರೂ ಎದ್ದು ತಲೆ ತಗುಲಿಸಿದರೆ ಎಲ್ಲರ ಮುಖದ ಮೇಲೂ ಪುಡಿಪುಡಿಯಾಗಿ ಉದುರುತ್ತಿತ್ತು.

ಲಂಗರಿನವರ, ಅಂದರೆ ಅಡುಗೆಮನೆಯವರ, ದಿನ ನಮಗಿಂತ ಬಹಳ ಮೊದಲೇ ಆರಂಭವಾಗುತ್ತಿತ್ತು. ಜೆರಿಕ್ಯಾನುಗಳನ್ನು ಪೂರ್ತಿ ತುಂಬಿಸಿಟ್ಟರೆ ನೀರು ಗಡ್ಡೆಕಟ್ಟಿ ಹಿಗ್ಗಿ ಬಿರುಕು ಬಿಡುವುದರಿಂದ ಮುಕ್ಕಾಲು ಭಾಗ ಮಾತ್ರ ತುಂಬಿಸುತ್ತಿದ್ದರು. ಬೆಳಿಗ್ಗೆ ಅವನ್ನು ಒಲೆಯ ಪಕ್ಕದಲ್ಲಿ ಸಾಲಾಗಿ ಇಟ್ಟು ಕರಗಿಸಬೇಕು. ಆ ಎತ್ತರದಲ್ಲಿ ನೀರು 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವುದೇನೋ ಜೋರಾಗಿಯೇ, ಆದರೆ ಬೇಳೆ ಬೇಯುವುದಿಲ್ಲ. ಪ್ರೆಷರ್ ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ಟು ಚಳಿಗೆ ಸೆಟೆದು ಹರಿದುಹೋದ ಒಂದು ವಾರ ನಾವು ತಿಂದದ್ದನ್ನು ದಾಲ್ ಎಂದು ಕರೆಯಲು ಈಗಲೂ ನನಗೆ ಮನಸ್ಸು ಬರುವುದಿಲ್ಲ. ಹಸಿವಾಗುವುದಿಲ್ಲವೆಂದು ತಟ್ಟೆ ಬಿಟ್ಟು ಏಳುವವರನ್ನು ಸುಬೇದಾರ್ ಸಾಹೇಬರು ಹೆಸರು ಹಿಡಿದು ಕರೆದು ಕೂರಿಸುತ್ತಿದ್ದರು. ನೀರು ಕುಡಿದದ್ದಕ್ಕೂ ಲೆಕ್ಕ ಕೇಳುತ್ತಿದ್ದರು.

ಮೊದಲ ಕೆಲಸ ಸರ್ವೆ. ಕಂಪನಿಯ ಕಿರಿಯ ಅಧಿಕಾರಿಯೊಬ್ಬರು ಕಂಪಾಸು ಹಿಡಿದು ಮುಂದೆ ನಡೆದರೆ, ನಾವು ಕೆಂಪು ಬಿಳಿ ಬಣ್ಣದ ಕೋಲುಗಳನ್ನು ನಿಲ್ಲಿಸುತ್ತ, ಕಂಬ ಬರುವಲ್ಲಿ ಸುಣ್ಣ ಬಳಿದ ಕಲ್ಲಿಡುತ್ತ ಹಿಂದೆ ಹೋಗುತ್ತಿದ್ದೆವು. ನಕ್ಷೆಯ ಮೇಲೆ ನೇರ ಗೆರೆ ಎಳೆಯುವುದು ಸುಲಭ. ಆದರೆ ರಸ್ತೆಯಿಂದ ಬಹಳ ದೂರ ಹೋದರೆ ಚಳಿಗಾಲದಲ್ಲಿ ದುರಸ್ತಿಗೆ ತಲುಪಲಾಗುವುದಿಲ್ಲ. ರಸ್ತೆಗೆ ತೀರ ಹತ್ತಿರವಾದರೆ, ರಸ್ತೆ ಅಗಲ ಮಾಡುವಾಗ ಬಾರ್ಡರ್ ರೋಡ್ಸ್‌ನವರ ಸಿಡಿಮದ್ದಿಗೆ ಕಂಬ ಬಲಿಯಾಗುತ್ತದೆ. ಹಿಮ ಜಾರುವ ಕೊರಕಲುಗಳನ್ನು ಕಂಬವಿಲ್ಲದೆ ಒಂದೇ ನೆಗೆತಕ್ಕೆ ದಾಟಿಸಬೇಕು. ತಿರುವು ಹೆಚ್ಚಾದಷ್ಟೂ ಕಂಬ ಬಾಗದಂತೆ ನೆಲಕ್ಕೆ ಬಿಗಿದು ಹಿಡಿಯುವ ಸ್ಟೇ ವೈರ್ ಹೆಚ್ಚು, ಸ್ಟೇ ವೈರ್ ಹೆಚ್ಚಾದಷ್ಟೂ ಗುಂಡಿ ಹೆಚ್ಚು.

ಕಣಿವೆಯ ಒಂದು ಕಡೆ ತೊರೆಯ ಇಕ್ಕೆಲಗಳಲ್ಲೂ ಬೆಟ್ಟದ ಬುಡದವರೆಗೆ ಚೌಗು ಹುಲ್ಲುಗಾವಲು ಹಬ್ಬಿತ್ತು. ಅದನ್ನು ಬಳಸಿ ಹೋಗೋಣವೆಂದರೆ ಬೆಟ್ಟದ ಇಳಿಜಾರಿನಲ್ಲಿ ದಿನವೂ ಕಲ್ಲು ಬೀಳುತ್ತಿತ್ತು. ನಮ್ಮೊಂದಿಗೆ ಕೂಲಿಗೆ ಬರುತ್ತಿದ್ದ ಲಡಾಖಿ ಹಿರಿಯನೊಬ್ಬನನ್ನು ನಾವೆಲ್ಲ ಅವರ ರೀತಿಯಲ್ಲೇ ಆಚೋಲೇ ಎಂದು ಕರೆಯುತ್ತಿದ್ದೆವು. ಕುರಿ ಕಾಯುತ್ತ ಅದೇ ಬಯಲಿನಲ್ಲಿ ಬೆಳೆದವನು. ಯಾವ ಕಡೆ ಬುಗ್ಗೆಯ ನೀರು ಚಳಿಗಾಲದಲ್ಲೂ ಮಂಜುಗಡ್ಡೆಯ ಅಡಿಯಲ್ಲಿ ಹರಿಯುತ್ತದೆ, ಯಾವ ದಿಬ್ಬದ ಮೇಲೆ ಯಾಕ್‌ಗಳು ಮಲಗುತ್ತವೆ ಎಂದು ಅವನು ಕೋಲಿನಿಂದ ತೋರಿಸಿದ. ಯಾಕ್ ಮಲಗುವ ನೆಲ ಒಣಗಿರುತ್ತದೆ ಎಂಬುದು ಅವನ ತರ್ಕ. ಅಧಿಕಾರಿ ಅದನ್ನು ಒಪ್ಪಿ, ಸಾಧ್ಯವಾದಷ್ಟು ಕಂಬಗಳನ್ನು ಆ ದಿಬ್ಬಗಳಿಗೆ ಸರಿಸಿದರು. ಎರಡು ದಿಬ್ಬಗಳ ನಡುವೆ ಅಂತರ ಹೆಚ್ಚಿದ್ದ ಕಡೆಗಳಲ್ಲಿ ಮಾತ್ರ ಚೌಗಿನಲ್ಲೇ ನೆಡದೆ ಬೇರೆ ದಾರಿಯಿರಲಿಲ್ಲ.

ಲೈನಿನ ಕೆಲಸವೆಂದರೆ ತಂತಿಯ ಕೆಲಸವೆಂದು ಹೊರಗಿನವರು ತಿಳಿಯುತ್ತಾರೆ. ಅದು ಗುಂಡಿಯ ಕೆಲಸ. ಕಂಬದ ಉದ್ದದ ಆರರಲ್ಲೊಂದು ಭಾಗವಾದರೂ ನೆಲದೊಳಗಿರಬೇಕೆಂಬುದು ಸಾಮಾನ್ಯ ನಿಯಮ. ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ ಇಬ್ಬರು ಒಂದು ಗಂಟೆಯಲ್ಲಿ ಮುಗಿಸುವ ಗುಂಡಿ ಅಲ್ಲಿ ಅರ್ಧ ದಿನವನ್ನು ನುಂಗುತ್ತಿತ್ತು. ಜೂನಿನಲ್ಲಿ ಮೇಲಿನ ಒಂದೂವರೆ ಅಡಿ ಜಲ್ಲಿ ಸಡಿಲವಾಗಿ ಬರುತ್ತದೆ. ಅದರ ಕೆಳಗೆ, ಅದರಲ್ಲೂ ನೆರಳಿನ ಪಕ್ಕದ ಇಳಿಜಾರುಗಳಲ್ಲಿ, ಹಿಂದಿನ ಚಳಿಗಾಲದ ಹೆಪ್ಪು ಇನ್ನೂ ಹಾಗೆಯೇ ಇರುತ್ತದೆ. ಪಿಕಾಸಿಯ ಮೊನೆ ಅದರ ಮೇಲೆ ಬಿದ್ದರೆ ಉಕ್ಕಿನ ಮೇಲೆ ಬಿದ್ದಂತೆ ಠಣ್ಣೆಂದು ಪುಟಿಯುತ್ತದೆ, ಆ ಹೊಡೆತ ಮೊಣಕೈವರೆಗೆ ಏರುತ್ತದೆ. ಬೆಂಕಿ ಹಾಕಿ ಕರಗಿಸೋಣವೆಂದರೆ ಉರುವಲೆಲ್ಲಿ? ಸ್ಥಳೀಯರು ಬುರ್ತ್ಸೆ ಎಂಬ ಕುರುಚಲು ಗಿಡವನ್ನೂ ಯಾಕ್ ಸಗಣಿಯನ್ನೂ ಉರುವಲಾಗಿ ಕೂಡಿಡುತ್ತಾರೆ; ಅವರ ಚಳಿಗಾಲದ ದಾಸ್ತಾನನ್ನು ನಾವು ಗುಂಡಿಗೆ ಸುರಿಯುವಂತಿರಲಿಲ್ಲ.

ಕೊನೆಗೆ ನಾವು ಕಂಡುಕೊಂಡ ಕ್ರಮವಿದು. ಬೆಳಿಗ್ಗೆ ಹೊಸ ಗುಂಡಿಗಳ ಮೇಲ್ಪದರವನ್ನು ಮಾತ್ರ ತೆಗೆದು ಹೆಪ್ಪಿನ ಮೈಯನ್ನು ಬಿಸಿಲಿಗೆ ಬಿಚ್ಚಿಡುವುದು. ಅಲ್ಲಿಂದ ಹಿಂದೆ ಬಂದು, ಹಿಂದಿನ ದಿನ ಮುಗಿದ ಗುಂಡಿಗಳಲ್ಲಿ ಕಂಬ ನಿಲ್ಲಿಸುವುದು. ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಹೊಸ ಗುಂಡಿಗಳಿಗೆ ಹೋದರೆ ಒಂದು ಗೇಣು ಮೆತ್ತಗಾಗಿರುತ್ತಿತ್ತು. ಅಷ್ಟನ್ನು ತೆಗೆದು ಬಿಟ್ಟರೆ ಮರುದಿನ ಇನ್ನೊಂದು ಗೇಣು. ಹೀಗೆ ಒಂದೊಂದು ಗುಂಡಿಯೂ ಎರಡು ಮೂರು ದಿನ ತೆಗೆದುಕೊಂಡರೂ, ಸಾಲಿನಲ್ಲಿ ಹಲವು ಗುಂಡಿಗಳು ಏಕಕಾಲಕ್ಕೆ ಇಳಿಯುತ್ತಿದ್ದುದರಿಂದ ಕೆಲಸ ನಿಲ್ಲುತ್ತಿರಲಿಲ್ಲ. ದಿನಕ್ಕೆ ಎಷ್ಟು ಕಂಬ ನಿಂತವೆಂದು ಸಂಜೆ ವೈರ್‌ಲೆಸ್ಸಿನಲ್ಲಿ ವರದಿ ಕೇಳುವವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಒಂದು ದಿನ ಸೊನ್ನೆ, ಮರುದಿನ ಏಕಾಏಕಿ ಹನ್ನೆರಡು! ಕಂಬದ ಲೆಕ್ಕ ಕೇಳುವ ಬದಲು ಗುಂಡಿಯ ಆಳದ ಲೆಕ್ಕ ಕೇಳಿದ್ದರೆ ಕೆಲಸದ ನಿಜವಾದ ಸ್ಥಿತಿ ತಿಳಿಯುತ್ತಿತ್ತೆಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಕಾಂಕ್ರೀಟು ಹಾಕುವ ಮಾತೇ ಇರಲಿಲ್ಲ. ರಾತ್ರಿ ಅದರೊಳಗಿನ ನೀರೇ ಹೆಪ್ಪುಗಟ್ಟಿ ಸಿಮೆಂಟು ಹಿಡಿಯುವುದಿಲ್ಲ. ಕಂಬದ ಬುಡಕ್ಕೆ ದೊಡ್ಡ ಕಲ್ಲು, ಅದರ ಸಂದಿಗೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ, ಹೀಗೆ ಪದರ ಪದರವಾಗಿ ತುಂಬಿ ಹಾರೆಯಿಂದ ಜಡಿದು ಗಟ್ಟಿ ಮಾಡುತ್ತಿದ್ದೆವು.

ಕಂಬಗಳ ಸಾಲು ನಿಂತ ಮೇಲೆ ತಂತಿ ಎಳೆಯುವ ಸರದಿ. ಸುರುಳಿಯನ್ನು ತಿರುಗಣೆಯ ಮೇಲೆ ಕೂರಿಸಿ, ಒಂದು ತುದಿಯನ್ನು ಹಿಡಿದು ನಾಲ್ವರು ನಡೆಯುತ್ತಾರೆ. ತಿರುಗಣೆಯ ಬಳಿ ಇರುವವನು ಅದು ಬೇಕಾಬಿಟ್ಟಿ ಬಿಚ್ಚಿಕೊಳ್ಳದಂತೆ ಕೈಯೊತ್ತಿ ಹಿಡಿದಿರಬೇಕು. ಗಟ್ಟಿಯಾಗಿ ಎಳೆದು ಮಾಡಿದ ತಾಮ್ರದ ತಂತಿಯಲ್ಲಿ ಒಂದು ಗಂಟು ಬಿದ್ದರೆ ಅದನ್ನು ನೆಟ್ಟಗೆ ಮಾಡಿ ಮುಂದುವರಿಯುವಂತಿಲ್ಲ. ಆ ಜಾಗದಲ್ಲಿ ತಂತಿಯ ಬಲ ಹೋಗಿರುತ್ತದೆ, ಮೊದಲ ಕಡುಚಳಿಗೆ ಅಲ್ಲಿಯೇ ತುಂಡಾಗುತ್ತದೆ. ಕತ್ತರಿಸಿ ಬೆಸೆಯಬೇಕು. ಇಕ್ಕಳದ ಹಲ್ಲು ಗೀರಿದ ಗುರುತೂ ಅಷ್ಟೇ ಅಪಾಯದ್ದು.

ಆಮೇಲೆ ಬರುವುದೇ ಸ್ಯಾಗ್, ಅಂದರೆ ಎರಡು ಕಂಬಗಳ ನಡುವೆ ತಂತಿ ಎಷ್ಟು ಜೋಲಬೇಕೆಂಬ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಐವತ್ತು ಮೀಟರ್ ಉದ್ದದ ತಾಮ್ರದ ತಂತಿ 50 ಡಿಗ್ರಿ ತಣ್ಣಗಾದರೆ ಸುಮಾರು 4 ಸೆಂಟಿಮೀಟರ್ ಕುಗ್ಗುತ್ತದೆ. ಬೇಸಿಗೆಯ ನಡುಹಗಲಿಗೂ ಜನವರಿಯ ರಾತ್ರಿಗೂ ಅಲ್ಲಿ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ನಾಲ್ಕು ಸೆಂಟಿಮೀಟರ್ ಎಂದರೆ ಏನು ಮಹಾ ಎನಿಸಬಹುದು. ಆದರೆ ಐವತ್ತು ಮೀಟರ್ ಅಂತರದಲ್ಲಿ 40 ಸೆಂಟಿಮೀಟರ್ ಜೋಲು ಬಿದ್ದಿರುವ ತಂತಿಯ ಉದ್ದವು ನೇರ ಗೆರೆಗಿಂತ ಒಂದು ಸೆಂಟಿಮೀಟರಿನಷ್ಟೂ ಹೆಚ್ಚಿರುವುದಿಲ್ಲ. ಅಂದರೆ ಕಣ್ಣಿಗೆ ಧಾರಾಳವಾಗಿ ಕಾಣುವ ಆ ಜೋಲಿನಲ್ಲಿ ಕುಗ್ಗಲು ಉಳಿದಿರುವ ಅವಕಾಶ ತೀರ ಅಲ್ಪ. ಮಿಕ್ಕದ್ದನ್ನೆಲ್ಲ ತಂತಿ ತನ್ನ ಮೈ ಹಿಗ್ಗಿಸಿಯೇ ತಡೆದುಕೊಳ್ಳಬೇಕು. ಹಗಲಿನ ಬಿಸಿಲಿನಲ್ಲಿ ಅಂದವಾಗಿ ಕಾಣಲೆಂದು ಬಿಗಿದ ತಂತಿ ಚಳಿಗಾಲದಲ್ಲಿ ಕತ್ತರಿಸಿಕೊಳ್ಳುತ್ತದೆ ಅಥವಾ ತಿರುವಿನ ಕಂಬವನ್ನು ಒಳಕ್ಕೆ ಎಳೆದು ಬಾಗಿಸುತ್ತದೆ. ಅತಿಯಾಗಿ ಸಡಿಲ ಬಿಟ್ಟರೋ, ಚುಶೂಲಿನ ಮಧ್ಯಾಹ್ನದ ಗಾಳಿಗೆ ಎರಡು ತಂತಿಗಳೂ ಒಂದಕ್ಕೊಂದು ಬಡಿದು ಮಾತು ಕೆಡುತ್ತದೆ.

ಆದ್ದರಿಂದ ತಂತಿ ಬಿಗಿಯುವ ಮೊದಲು ಕಂಬದ ನೆರಳಿನ ಪಕ್ಕದಲ್ಲಿ ಉಷ್ಣಮಾಪಕ ತೂಗುಹಾಕಿ, ಪಾದರಸ ನಿಲ್ಲುವವರೆಗೆ ಕಾಯಬೇಕಿತ್ತು. ಹವಲ್ದಾರರು ಎಣ್ಣೆಕಾಗದದಲ್ಲಿ ಸುತ್ತಿಟ್ಟ ಕೋಷ್ಟಕ ತೆರೆದು, ಈ ಉಷ್ಣತೆಗೆ ಈ ಅಂತರಕ್ಕೆ ಇಷ್ಟು ಜೋಲು ಎಂದು ಹೇಳುತ್ತಿದ್ದರು. ಎರಡೂ ಕಂಬಗಳಲ್ಲಿ ಇನ್ಸುಲೇಟರಿನಿಂದ ಅಷ್ಟೇ ಕೆಳಗೆ ಒಂದೊಂದು ಮರದ ಪಟ್ಟಿಯನ್ನು ಅಡ್ಡಲಾಗಿ ಕಟ್ಟುತ್ತಿದ್ದೆವು. ಒಂದು ಕಂಬದ ಮೇಲಿರುವವನು ತನ್ನ ಪಟ್ಟಿಯ ಮಟ್ಟಕ್ಕೆ ಕಣ್ಣಿಟ್ಟು ಎದುರಿನ ಕಂಬದ ಪಟ್ಟಿಯನ್ನು ನೋಡುತ್ತಾನೆ; ಕೆಳಗಿನವರು ರ್ಯಾಚೆಟ್ ತಿರುಗಿಸಿ ತಂತಿಯನ್ನು ಎಳೆಯುತ್ತಾರೆ; ತಂತಿಯ ಅತಿ ಕೆಳಗಿನ ಬಿಂದು ಆ ಎರಡು ಪಟ್ಟಿಗಳ ಗೆರೆಯನ್ನು ಮುಟ್ಟಿದ ಕೂಡಲೇ ಅವನು ಕೈ ಎತ್ತುತ್ತಾನೆ. ಮೋಡ ಕವಿದು ಐದಾರು ಡಿಗ್ರಿ ಇಳಿದರೆ ಲೆಕ್ಕ ಬದಲಾಗುತ್ತದೆ, ಪಟ್ಟಿಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಬೇಸರದ ಕೆಲಸವೇ ಸರಿ. ಆದರೆ ಹವಲ್ದಾರರು ಒಂದು ಅಂತರದಲ್ಲೂ ಕಣ್ಣಂದಾಜಿಗೆ ಬಿಡಲಿಲ್ಲ.

ಇನ್ಸುಲೇಟರಿಗೆ ತಂತಿಯನ್ನು ಕಟ್ಟುವುದು ಕೈಗವಸು ಹಾಕಿಕೊಂಡು ಆಗುವ ಕೆಲಸವಲ್ಲ. ಮೆತ್ತನೆಯ ತಾಮ್ರದ ಕಟ್ಟುತಂತಿಯನ್ನು ಪಿಂಗಾಣಿಯ ಕುತ್ತಿಗೆಯ ಸುತ್ತ ಬಳಸಿ, ಲೈನ್ ತಂತಿಯ ಎರಡೂ ಕಡೆಗೆ ಒತ್ತೊತ್ತಾಗಿ ಸುತ್ತಬೇಕು. ಸೆಪ್ಟೆಂಬರಿನ ಬೆಳಗಿನಲ್ಲಿ ಬರಿಬೆರಳಿಗೆ ಬ್ರಾಕೆಟ್ಟಿನ ಕಬ್ಬಿಣ ತಗುಲಿದರೆ ಚರ್ಮ ಅಂಟಿಕೊಳ್ಳುತ್ತದೆ. ಗಾಬರಿಯಿಂದ ಕಿತ್ತರೆ ಚರ್ಮ ಅಲ್ಲೇ ಉಳಿಯುತ್ತದೆ. ನಾಲ್ಕು ಸುತ್ತು ಹಾಕುವುದು, ಕೈಗಳನ್ನು ಕೋಟಿನೊಳಗೆ ಕಂಕುಳಲ್ಲಿ ಇಟ್ಟುಕೊಳ್ಳುವುದು, ಸ್ಪರ್ಶ ಮರಳಿದ ಮೇಲೆ ಮತ್ತೆ ನಾಲ್ಕು ಸುತ್ತು. ಗದಗ ಕಡೆಯ ಒಬ್ಬ ಹುಡುಗ ನನ್ನ ಪಕ್ಕದ ಕಂಬದ ಮೇಲಿಂದ, “ಅಣ್ಣಾ, ನನ್ನ ಬಳ್ಳು ಎಣಿಸಿ ನೋಡ್ರಿ, ಹತ್ತೂ ಅದಾವೇನು?” ಎಂದು ಕೂಗುತ್ತಿದ್ದ. ಸುತ್ತಲಿನ ಕುಮಾವೂಂನವರಿಗೂ ತಮಿಳರಿಗೂ ಏನೂ ಅರ್ಥವಾಗದಿದ್ದರೂ ಅವನು ಕೂಗಿದ ರೀತಿಗೇ ನಗುತ್ತಿದ್ದರು.

ಎರಡು ಜೋಡಿ ತಂತಿಗಳು ಅಕ್ಕಪಕ್ಕದಲ್ಲಿ ಮೈಲಿಗಟ್ಟಲೆ ಓಡಿದರೆ ಒಂದರ ಮಾತು ಇನ್ನೊಂದರಲ್ಲಿ ಕೇಳಿಸುತ್ತದೆ. ಅದನ್ನು ತಪ್ಪಿಸಲು ಗೊತ್ತಾದ ಕಂಬಗಳಲ್ಲಿ ಜೋಡಿಯ ಎರಡು ತಂತಿಗಳನ್ನು ಅದಲುಬದಲು ಮಾಡುತ್ತಾರೆ; ಆಗ ಒಂದು ಭಾಗದಲ್ಲಿ ಸೇರಿಕೊಂಡ ಸದ್ದನ್ನು ಮುಂದಿನ ಭಾಗದಲ್ಲಿ ಸೇರಿಕೊಂಡದ್ದು ಅಳಿಸಿಹಾಕುತ್ತದೆ. ಕಂಬದ ನಕ್ಷೆಯಲ್ಲಿ ಇಂಥ ಕಂಬಗಳಿಗೆ ಗುರುತಿರುತ್ತದೆ, ಅದರಂತೆ ಮಾಡಿಕೊಂಡು ಹೋದೆವು. ನಮಗೆ ಹೆಚ್ಚು ತೊಂದರೆ ಕೊಟ್ಟದ್ದು ಅರ್ತ್. ಮಿಂಚುತಡೆಗೆ ನೆಲದ ಸಂಪರ್ಕ ಕೊಡಲು ಸರಳು ಹೂಳಿದರೆ, ಆ ಒಣ ಜಲ್ಲಿ ಮತ್ತು ಹೆಪ್ಪಿನ ನೆಲದಲ್ಲಿ ವಿದ್ಯುತ್ತು ಇಳಿಯುವುದೇ ಇಲ್ಲ. ಉಪ್ಪು, ಇದ್ದಿಲು ತುಂಬಿ, ಲಂಗರಿನವರಿಂದ ಕಾಡಿ ಬೇಡಿ ತಂದ ನೀರು ಸುರಿದು ಒಪ್ಪತಕ್ಕ ಮಟ್ಟಕ್ಕೆ ತಂದೆವು. ಮಿಂಚು ಮಾತ್ರವಲ್ಲ, ಒಣಹಿಮದ ಪುಡಿಯನ್ನು ಹೊತ್ತ ಗಾಳಿ ತಂತಿಯನ್ನು ಉಜ್ಜಿಕೊಂಡು ಹೋದಾಗಲೂ ಅದರಲ್ಲಿ ವಿದ್ಯುತ್ತು ಸಂಚಯವಾಗುತ್ತದೆ. ಕೈ ಹತ್ತಿರ ತಂದರೆ ಕಿಡಿ ಹಾರುವಷ್ಟು.

ಟೆಸ್ಟಿಂಗ್ ದಿನಗಳಲ್ಲಿ ಒಂದು ನಿಯಮವನ್ನು ಯಾರೂ ಮುರಿಯುವಂತಿರಲಿಲ್ಲ: ಕಂಬದ ಮೇಲಿರುವವನು ಓಕೆ ಎನ್ನುವವರೆಗೆ ಟೆಲಿಫೋನಿನ ಹ್ಯಾಂಡಲ್ ಮುಟ್ಟಬಾರದು. ಅದರಿಂದ ಹುಟ್ಟುವ ಎಪ್ಪತ್ತು ಎಂಬತ್ತು ವೋಲ್ಟು ಕೊಲ್ಲುವಂಥದ್ದಲ್ಲ, ಆದರೆ ಬೆಲ್ಟ್ ಬಿಚ್ಚಿ ಇಳಿಯುತ್ತಿರುವವನನ್ನು ಬೆಚ್ಚಿಬೀಳಿಸಲು ಸಾಕು. ದೋಷಗಳನ್ನು ನಾವು ಮೂರೇ ಮಾತಿನಲ್ಲಿ ಹೇಳುತ್ತಿದ್ದೆವು: ತಂತಿ ಕಡಿದಿದ್ದರೆ ಡಿಸ್, ನೆಲಕ್ಕೆ ತಗುಲಿದ್ದರೆ ಅರ್ತ್, ಒಂದಕ್ಕೊಂದು ತಗುಲಿದ್ದರೆ ಕಾಂಟ್ಯಾಕ್ಟ್. ಸೆಲ್ಲುಗಳು ಚಳಿಗೆ ಸತ್ತುಹೋಗುವುದರಿಂದ ಟೆಸ್ಟ್ ಟೆಲಿಫೋನಿನ ಸೆಲ್ಲುಗಳನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಯ ಬಳಿ ಇಟ್ಟುಕೊಂಡೇ ಮಲಗುತ್ತಿದ್ದೆ. ಅಕ್ಟೋಬರಿನ ಒಂದು ಮಧ್ಯಾಹ್ನ ಮುಂದಿನ ಠಾಣೆಯ ಕೊನೆಯ ಕಂಬದಿಂದ ಹ್ಯಾಂಡಲ್ ತಿರುಗಿಸಿದಾಗ, ಆ ಕಡೆಯ ಎಕ್ಸ್‌ಚೇಂಜಿನ ಆಪರೇಟರ್ ಉತ್ತರಿಸಿ, ಯಾವ ಕಂಬದಿಂದ ಮಾತನಾಡುತ್ತಿದ್ದೀರಿ ಎಂದು ಎಂದಿನಂತೆ ಕೇಳಿದ. ಕೊನೆಯದು ಎಂದೆ. ಅವನು ನಂಬದೆ ಸುಬೇದಾರ್ ಸಾಹೇಬರನ್ನು ಕರೆಯಿರಿ ಎಂದ.

ಸ್ವಂತ ಮಾತಿಗೆ ಆ ಲೈನು ನಮಗೆ ದಕ್ಕಲಿಲ್ಲ, ದಕ್ಕಬೇಕಾದದ್ದೂ ಅಲ್ಲ. ಮನೆಯ ಸುದ್ದಿ ನಮಗೆ ಸೇನಾ ಅಂಚೆಯ 56 ಎ.ಪಿ.ಒ. ವಿಳಾಸದ ಇನ್‌ಲ್ಯಾಂಡ್ ಪತ್ರಗಳಲ್ಲೇ ಬರುತ್ತಿತ್ತು. ಬರೆದವರು ಬರೆದು, ತಲುಪುವಷ್ಟರಲ್ಲಿ ಊರಿನಲ್ಲಿ ಬಿತ್ತನೆ ಮುಗಿದು ಕಳೆ ತೆಗೆಯುವ ಕಾಲ ಬಂದಿರುತ್ತಿತ್ತು.

ಚಳಿಗಾಲದಲ್ಲಿ ನಿರ್ವಹಣೆಗೆ ಸಣ್ಣ ತಂಡವೊಂದನ್ನು ಉಳಿಸಿಕೊಂಡರು, ಅದರಲ್ಲಿ ನಾನೂ ಇದ್ದೆ. ಡೀಸೆಲ್ಲು ಪೈಪಿನೊಳಗೇ ಗಟ್ಟಿಯಾಗುತ್ತಿದ್ದುದರಿಂದ ಗಾಡಿಯನ್ನು ರಾತ್ರಿ ಹಲವು ಬಾರಿ ಸ್ಟಾರ್ಟ್ ಮಾಡಿ ಬೆಚ್ಚಗಿಡಬೇಕಿತ್ತು. ಪಾದರಸ ಮೈನಸ್ 30ರ ಸಮೀಪಕ್ಕೆ ಇಳಿದ ವಾರದಲ್ಲಿ ತಂತಿಗಳು ವೀಣೆಯ ಹಾಗೆ ಬಿಗಿದು ನಿಂತಿದ್ದವು. ಕಂಬಕ್ಕೆ ಕಿವಿ ಹಚ್ಚಿದರೆ ಒಳಗೆ ಝೇಂಕಾರ ಕೇಳುತ್ತಿತ್ತು. ಸ್ಯಾಗ್ ಪಟ್ಟಿ ಕಟ್ಟಿ ಎಳೆದ ಯಾವ ಅಂತರದಲ್ಲೂ ತಂತಿ ಕಡಿಯಲಿಲ್ಲ.

ತೊಂದರೆ ಬಂದದ್ದು ಮೇ ತಿಂಗಳಲ್ಲಿ, ನಾವು ಊಹಿಸಿದ್ದ ಕಡೆಯಿಂದಲೇ. ಚೌಗಿನ ನೆಲದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗುವಾಗ ಕಂಬವನ್ನು ಹಿಡಿದು ಮೇಲಕ್ಕೆತ್ತುತ್ತದೆ, ಕರಗುವಾಗ ಕೆಸರು ಅದರ ಬುಡದ ಕೆಳಗೆ ನುಗ್ಗಿ ಮತ್ತೆ ಇಳಿಯಲು ಬಿಡುವುದಿಲ್ಲ. ಆಚೋಲೇ ತೋರಿಸಿದ ದಿಬ್ಬಗಳ ಮೇಲಿನ ಕಂಬಗಳು ನೆಟ್ಟಗಿದ್ದವು. ನಡುವಿನವು ಒಂದು ಅಡಿಯವರೆಗೂ ಮೇಲೆದ್ದು ಬಾಗಿದ್ದವು. ಅಲ್ಲಿ ಇನ್ನು ಗುಂಡಿ ತೋಡಿ ಪ್ರಯೋಜನವಿರಲಿಲ್ಲ. ಕಂಬವನ್ನು ನೆಲದ ಮೇಲೆಯೇ ನಿಲ್ಲಿಸಿ, ಸುತ್ತ ಸೊಂಟದೆತ್ತರಕ್ಕೆ ಕಬ್ಬಿಣದ ತಂತಿಯ ಬಲೆ ಹೆಣೆದು, ಅದರೊಳಗೆ ದಪ್ಪ ಕಲ್ಲುಗಳನ್ನು ಒತ್ತಾಗಿ ತುಂಬಿದೆವು. ನೆಲ ಉಬ್ಬಿದರೆ ಇಡೀ ಕಟ್ಟೆಯೇ ಒಂದಾಗಿ ಎದ್ದು, ಕರಗಿದಾಗ ಒಂದಾಗಿ ಕೂರುತ್ತದೆ. ಕಲ್ಲು ಹೊರಲು ಹೇಸರಗತ್ತೆಗಳು ಬಂದವು, ಆಚೋಲೇ ತನ್ನ ಇಬ್ಬರು ಮಕ್ಕಳನ್ನೂ ಕೂಲಿಗೆ ಕರೆತಂದ. ಹುಲ್ಲುಗಾವಲಿನ ಕೊನೆಯ ಕಟ್ಟೆಗೆ ಕಲ್ಲು ತುಂಬುತ್ತಿರುವಾಗಲೇ ನನ್ನ ಬದಲಿಗೆ ಬರುವ ಲೈನ್‌ಮನ್ ಲೇಹ್‌ನಲ್ಲಿ ಮೊದಲ ಹಂತದ 6 ದಿನಗಳನ್ನು ಮುಗಿಸಿದ್ದಾನೆಂಬ ಸುದ್ದಿ ಅದೇ ಲೈನಿನ ಮೇಲೆ ಬಂತು.